ಸಾಮಾನ್ಯರ ಗಿರಿಸಂಚಾರ

(ನಾಡಹಬ್ಬದ ವ್ಯಾಖ್ಯಾನಮಾಲೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯ ಮೇಲೆ ನಾಡಿನ ಇತಿಹಾಸ, ಸಾಹಿತ್ಯ, ಶಿಲ್ಪಗಳನ್ನು ಕುರಿತು ವರುಷ ವರುಷವೂ ವಿದ್ವಾಂಸರ ಮಾತುಗಳಾಗುತ್ತವೆ. ಅವು ಆಗಲೇಬೇಕು. ಆದರೆ ನಾಡೆಂದರೆ ಬರಿಯ ಶಾಸನವಲ್ಲ, ಗ್ರಂಥವಲ್ಲ. ಅದು ಮಣ್ಣು, ಕಲ್ಲು, ನೀರು, ಹುಲ್ಲು. ಇವನ್ನು ಕಣ್ಣಾರೆ ಕಾಣದೆ, ಕಾಲಾರೆ ನಡೆಯದೆ ನಾಡನ್ನು ಬಲ್ಲೆವೆಂದು ಹೇಳಿಕೊಳ್ಳುವದು, ಬೆಲ್ಲದ ಹೆಸರು ಹೇಳಿ ಬಾಯಿ ಸಿಹಿಯಾಯಿತೆಂದಂತೆ. ಆದುದರಿಂದ ಈ ಸಂಜೆ ನಾವು ಬೆಟ್ಟಗಳನ್ನು ಕುರಿತು, ಅದರಲ್ಲಿಯೂ ಸಾಮಾನ್ಯ ಜನರು ಸಾಮಾನ್ಯ ಬಸ್ಸಿನಲ್ಲಿ ಹೋಗಿ ಕಾಲ್ನಡಿಗೆಯಿಂದ ಏರಬಹುದಾದ ಬೆಟ್ಟಗಳನ್ನು ಕುರಿತು, ನಾಲ್ಕು ಮಾತು ಹೇಳಬಯಸುವೆವು.

ಬೆಟ್ಟ ಹತ್ತುವದು ಹೊತ್ತು ಹೋಗದವರ ವಿನೋದವೆಂದು ಕೆಲವರು ತಿಳಿದಿರಬಹುದು. ನಮಗೆ ಹಾಗೆನಿಸುವದಿಲ್ಲ. ಈ ಸಣ್ಣ ವಿಷಯದೊಳಗೆ ಮೂರು ದೊಡ್ಡ ಪ್ರಶ್ನೆಗಳು ಅಡಗಿವೆ. ಬೆಟ್ಟಕ್ಕೆ ಹೋಗುವ ಸಾಧನ ಯಾವದು? ಹೋಗುವ ಹಕ್ಕು ಯಾರದು? ಹೋದವನ ಹೊಣೆ ಏನು? ಈ ಮೂರಕ್ಕೂ ಸರಿಯಾದ ಉತ್ತರ ದೊರೆಯದಿದ್ದರೆ, ನಮ್ಮ ಮಕ್ಕಳ ಕಾಲಕ್ಕೆ ಬೆಟ್ಟಗಳು ಹಣವಂತರ ವಿಹಾರಸ್ಥಾನಗಳಾಗಿ ಉಳಿದಾವು, ಇಲ್ಲವೆ ಬೆಟ್ಟಗಳಾಗಿಯೇ ಉಳಿಯಲಾರವು.

ಮೊದಲು ಆ ಭೂಮಿ ಎಂತಹದೆಂಬದನ್ನು ನೋಡೋಣ. ಸಹ್ಯಾದ್ರಿಯ ಹೆಸರೆತ್ತಿದೊಡನೆ ನಮ್ಮ ಬಯಲುಸೀಮೆಯವರ ಕಣ್ಣ ಮುಂದೆ ದಟ್ಟವಾದ ಅಡವಿ ನಿಲ್ಲುವದು. ಆದರೆ ಎತ್ತರವೇರಿದಂತೆ ಆ ಅಡವಿ ಹಿಂದೆ ಸರಿಯುವದು. ಗಾಳಿಗೆ ಮೈಯೊಡ್ಡಿದ ಏಣುಗಳ ಮೇಲೆಲ್ಲ ಹುಲ್ಲು. ಬೆಟ್ಟದ ಮಡಿಕೆಗಳಲ್ಲಿ, ನೀರು ಇಳಿಯುವ ಕೊರಕಲುಗಳಲ್ಲಿ ಮಾತ್ರ ಗಿಡ್ಡ ಮರಗಳ ಒತ್ತಾದ ಕಾಡು. ಈ ಕಾಡಿನ ತುಣುಕುಗಳಿಗೆ ಶೋಲೆಯೆಂದು ಹೆಸರು. ಮಂಜು ಒಂದು ಗಳಿಗೆಯಲ್ಲಿ ಎಲ್ಲವನ್ನೂ ಮುಚ್ಚುವದು, ಮರುಗಳಿಗೆಯಲ್ಲಿ ತೆರೆಯುವದು. ಇಂಗ್ಲಂಡದಲ್ಲಿ ಮೂರ್ ಎಂದು ಕರೆಯುವ ಮರವಿಲ್ಲದ ಎತ್ತರದ ಬಯಲುಗಳೂ ಹೀಗೆಯೇ ಗಾಳಿ-ಮಂಜುಗಳ ರಾಜ್ಯ. ಅವುಗಳ ಮಾತು ಮುಂದೆ ಬರುವದು.

ಮರವಿಲ್ಲವೆಂದ ಮಾತ್ರಕ್ಕೆ ಇದು ಬಂಜರು ಭೂಮಿಯಲ್ಲ. ಮುಂಗಾರಿನ ಮಳೆಯನ್ನು ಹುಲ್ಲಿನ ಬೇರೂ, ಅದರಡಿಯ ಮಣ್ಣೂ, ಶೋಲೆಯ ತರಗೂ ಹೀರಿ ಹಿಡಿದುಕೊಂಡು, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಹಳ್ಳಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವವು. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವವು. ನೇತ್ರಾವತಿಯು ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲನ್ನು ಸೇರಿದರೆ, ತುಂಗೆ-ಭದ್ರೆಗಳು ಕೂಡಲಿಯಲ್ಲಿ ಒಂದಾಗಿ, ಹರಿಹರವನ್ನು ದಾಟಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಒಣಭೂಮಿಗೆ ನೀರುಣಿಸುವವು. ಗಂಗಾವತಿಯ ಭತ್ತದ ಗದ್ದೆಯಲ್ಲಿ ನಿಂತ ನೀರಿನ ಒಂದು ಪಾಲು ಮಲೆನಾಡಿನ ಈ ಹುಲ್ಲಿನ ಬುಡದಿಂದ ಹೊರಟದ್ದು. ಆ ಅನ್ನವನ್ನು ಉಣ್ಣುವವನು ಆ ಹುಲ್ಲನ್ನು ಒಮ್ಮೆಯಾದರೂ ನೋಡಿ ಬರುವದು ಋಣ ತೀರಿಸುವ ಮೊದಲ ಮೆಟ್ಟಿಲು.

ಈ ಹುಲ್ಲಿನ ಬೆಲೆಯನ್ನು ಅರಿಯದೆ ಹೋದರೆ ಏನಾಗುವದೆಂಬದಕ್ಕೂ ಕುದುರೆಮುಖವೇ ಸಾಕ್ಷಿ. ಅಲ್ಲಿಯ ಕಬ್ಬಿಣದ ಅದಿರನ್ನು ತೆಗೆಯುವದಕ್ಕಾಗಿ 1976ರಲ್ಲಿ ಸರಕಾರೀ ಕಂಪನಿಯೊಂದು ಸ್ಥಾಪಿತವಾಯಿತು. ಗುಡ್ಡಗಳನ್ನು ಅಗೆದು, ಅದಿರನ್ನು ನೀರಿನಲ್ಲಿ ಕದಡಿ, ಕೊಳವೆಯ ಮೂಲಕ ಮಂಗಳೂರಿನವರೆಗೆ ಹರಿಸಿದರು. 1987ರಲ್ಲಿ ಆ ಸೀಮೆ ರಾಷ್ಟ್ರೀಯ ಉದ್ಯಾನವಾದ ಮೇಲೆಯೂ ಗಣಿಯ ಕೆಲಸ ನಡೆದೇ ಇತ್ತು. ನಾಡಿನ ಜಾಗೃತ ಜನರು ಹೋರಾಡಿ, ನ್ಯಾಯಾಲಯದ ಮೆಟ್ಟಿಲನ್ನೇರಿ, ಕಡೆಗೆ 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಾಗಿ, 2005ರ ಕೊನೆಗೆ ಅದು ನಿಂತಿತು. ಬೆಟ್ಟವನ್ನು ಕಂಡವರು ಇದ್ದುದರಿಂದ ಬೆಟ್ಟಕ್ಕೆ ವಕೀಲರು ದೊರೆತರು. ಕಾಣದವನು ಯಾರ ಪರವಾಗಿ ವಾದಿಸಬೇಕು?

ಇನ್ನು ಹೋಗುವ ದಾರಿಗಳ ಮಾತು. ನಾಲ್ಕನ್ನು ಮಾತ್ರ ಹೇಳುವೆವು. ನಾಲ್ಕಕ್ಕೂ ಬಸ್ಸಿನ ಟಿಕೇಟು, ಗಟ್ಟಿ ಕಾಲು, ಬುತ್ತಿಯ ಗಂಟು ಇವಿಷ್ಟೇ ಮುಖ್ಯ ಬಂಡವಾಳ.

ಕುಮಾರಪರ್ವತವು 1,712 ಮೀಟರು ಎತ್ತರ. ಕುಕ್ಕೆ ಸುಬ್ರಹ್ಮಣ್ಯಕ್ಕೆ ನಾಡಿನ ಎಲ್ಲ ಕಡೆಯಿಂದಲೂ ಬಸ್ಸುಗಳುಂಟು. ದೇವಾಲಯದ ಊರಿನಿಂದಲೇ ದಾರಿ ಆರಂಭ. ಗಿರಿಗದ್ದೆಯವರೆಗೆ ಕತ್ತಲೆಗವಿದ ಕಾಡು, ಬೇರುಗಳೇ ಮೆಟ್ಟಿಲು. ಅಲ್ಲಿಂದ ಮೇಲೆ ಬಯಲಾದ ಹುಲ್ಲಿನ ಏಣು. ಕಲ್ಲುಮಂಟಪ, ಶೇಷಪರ್ವತ, ಮತ್ತೊಂದು ಸಣ್ಣ ಶೋಲೆ, ಆಮೇಲೆ ಶಿಖರ. ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರಾದುದರಿಂದ ಇದು ಹೊಸಬರಿಗೆ ತಕ್ಕುದಲ್ಲ. ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ದ ಕಥೆ ನಡೆಯುವದು ಈ ಬೆಟ್ಟದ ಬುಡದ ಸೀಮೆಯಲ್ಲಿಯೇ, ಅದನ್ನು ತರಗತಿಯಲ್ಲಿ ಓದಿಸುವ ಶಿಕ್ಷಕರು ಆ ನೆಲವನ್ನು ಒಮ್ಮೆ ನಡೆದು ಬಂದರೆ ಪಾಠದ ರುಚಿಯೇ ಬೇರೆಯಾಗುವದು.

ಎರಡನೆಯದು ಕೊಡಗಿನ ತಡಿಯಂಡಮೋಳ್, 1,748 ಮೀಟರು. ವಿರಾಜಪೇಟೆಯಿಂದ ಕಕ್ಕಬ್ಬೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಕೈಕಂಬದಲ್ಲಿ ಇಳಿದರೆ, ಅರಸರ ಕಾಲದ ನಾಲ್ಕುನಾಡು ಅರಮನೆಯನ್ನು ಹಾಯ್ದು, ಕಾಫಿಯ ತೋಟಗಳ ಅಂಚಿನಲ್ಲಿ ದಾರಿ ಮೇಲೇರುವದು. ಏರು ನಿಧಾನವಾದುದು, ದೊಡ್ಡ ಹುಡುಗರನ್ನು ಕರೆದೊಯ್ಯಲು ಇದು ಅನುಕೂಲ.

ಮೂರನೆಯದು ಕುದುರೆಮುಖ, ಸುಮಾರು 1,890 ಮೀಟರು. ಕಳಸದಿಂದ ಕುದುರೆಮುಖದ ಮೇಲೆ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬಾಳೆಗಲ್ ಎಂಬಲ್ಲಿ ಇಳಿದು ಮುಳ್ಳೋಡಿಗೆ ನಡೆಯಬೇಕು. ಅಲ್ಲಿಗೆ ಜೀಪಿನವರು ಕರೆಯುವರು. ನಡೆಯುವದೇ ಲೇಸು, ಯಾಕಂದರೆ ಗದ್ದೆ, ತೋಟ, ಹಳ್ಳಗಳ ಆ ದಾರಿಯೂ ಬೆಟ್ಟದ ಒಂದು ಭಾಗವೇ.

ನಾಲ್ಕನೆಯದು ಮುಳ್ಳಯ್ಯನಗಿರಿ, ಸುಮಾರು 1,930 ಮೀಟರು. ಕರ್ನಾಟಕದ ಅತ್ಯುನ್ನತ ಶಿಖರ. ಚಿಕ್ಕಮಗಳೂರಿನಿಂದ ಕೈಮರದ ಮೂಲಕ ಗಿರಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಹೋಗಿ, ಸರ್ಪದಾರಿಯೆಂಬ ಕಾಲುಹಾದಿಯಿಂದ ಏರಬಹುದು. ಆದರೆ ಈ ಶಿಖರದ ಹತ್ತಿರದವರೆಗೂ ಮೋಟಾರು ರಸ್ತೆಯುಂಟು. ರಜೆಯ ದಿನ ಕಾಲುಹಾದಿಯಲ್ಲಿ ಬೆವರಿಳಿಸಿ ಮೇಲೆ ಬಂದವನಿಗೆ ಎದುರಾಗುವದು ಕಾರುಗಳ ಸಾಲು.

ಹಾಗೆಂದು ಕಾರಿನವರನ್ನು ನಿಂದಿಸುವದು ನಮ್ಮ ಉದ್ದೇಶವಲ್ಲ. ಸಾಧನದ ಸ್ವಭಾವವನ್ನು ನೋಡಿರಿ. ಬಸ್ಸು ಬುಡದಲ್ಲಿ ನಿಲ್ಲುವದು. ಅಲ್ಲಿಂದ ಮುಂದೆ ಎಲ್ಲರಿಗೂ ಎರಡೇ ಕಾಲು. ಕಾರು ನಿಲ್ಲಲೊಲ್ಲದು, ಅದು ಮೇಲಕ್ಕೆ ರಸ್ತೆಯನ್ನು ಕೇಳುವದು, ರಸ್ತೆಯಾದ ಮೇಲೆ ನಿಲುಗಡೆಗೆ ಬಯಲನ್ನು ಕೇಳುವದು, ಬಯಲಾದ ಮೇಲೆ ಅಂಗಡಿಯನ್ನು ಕೇಳುವದು. ಒಂದು ಬಸ್ಸು ಒಯ್ಯುವ ಐವತ್ತು ಜನರಿಗೆ, ಕಾರಿಗೆ ನಾಲ್ವರಂತೆ, ಹದಿಮೂರು ಕಾರುಗಳು ಬೇಕಾಗುವವು. ಬೆಟ್ಟಕ್ಕೆ ಯಾವದು ಹಗುರವೆಂದು ಹೇಳಲು ದೊಡ್ಡ ಗಣಿತ ಬೇಕಿಲ್ಲ.

ಬಸ್ಸಿಗೂ ಒಂದು ಇತಿಹಾಸವುಂಟು. 1948ರ ಸಪ್ಟಂಬರ 12ರಂದು ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಕೆಲಸವನ್ನಾರಂಭಿಸಿತು. ಆಗ ಈ ಬೆಟ್ಟಗಳು ಒಂದೇ ನಾಡಿನಲ್ಲಿರಲಿಲ್ಲ. ಕೊಡಚಾದ್ರಿಯ ತುದಿ ಮೈಸೂರಿನದು, ಅದರ ಕಾಲಕೆಳಗಿನ ಕೊಲ್ಲೂರು ಮದ್ರಾಸಿನದು. ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನು ಹತ್ತಿ ಸೋಮವಾರಪೇಟೆಯ ಕಡೆಗೆ ಇಳಿದವನು ಮದ್ರಾಸ ಪ್ರಾಂತದಲ್ಲಿ ಹತ್ತಿ ಕೊಡಗಿನ ಪ್ರಾಂತದಲ್ಲಿ ಇಳಿಯುತ್ತಿದ್ದನು. ಎರಡೂ ಕಡೆಯಲ್ಲಿ ನೀರು ಕೊಟ್ಟವರು ಮಾತ್ರ ಕನ್ನಡವನ್ನು ಬಲ್ಲವರೇ. 1956ರ ನವ್ಹಂಬರ 1ರಂದು ಆ ಗೆರೆಗಳು ಅಳಿದವು. ನಕಾಶೆಯಲ್ಲಿ ಗೆರೆಯನ್ನು ಅಳಿಸುವದು ಸರಕಾರದ ಕೆಲಸ. ಮನಸ್ಸಿನಲ್ಲಿಯ ಗೆರೆಯನ್ನು ಅಳಿಸಿದ್ದರಲ್ಲಿ ಬೀದರದ ಹುಡುಗನನ್ನು ಕೊಲ್ಲೂರಿಗೆ, ಪುತ್ತೂರಿನ ಹುಡುಗನನ್ನು ಬಾದಾಮಿಗೆ ಕರೆತಂದ ಬಸ್ಸಿನ ಪಾಲು ಸಣ್ಣದಲ್ಲ.

ಆದರೆ ಬಸ್ಸು ಶಾಶ್ವತವೆಂದು ತಿಳಿದು ನಿಶ್ಚಿಂತರಾಗಿರುವ ಹಾಗಿಲ್ಲ. ಕೊಪ್ಪದಲ್ಲಿ 1991ರಲ್ಲಿ ಬಸ್ಸಿನ ಕೆಲಸಗಾರರೇ ಕೂಡಿ ‘ಸಹಕಾರ ಸಾರಿಗೆ’ಯೆಂಬ ಸಂಘವನ್ನು ಕಟ್ಟಿದರು. ಚಾಲಕನೂ ನಿರ್ವಾಹಕನೂ ತಾವೇ ಒಡೆಯರಾದ ಆ ಸಂಘವು ಸುಮಾರು ಮೂರು ದಶಕಗಳವರೆಗೆ ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳಿಗೆ ಬಸ್ಸು ಓಡಿಸಿ ದೇಶಕ್ಕೇ ಮಾದರಿಯಾಯಿತು. 2020ರ ಫೆಬ್ರುವರಿಯಲ್ಲಿ, ನಷ್ಟದ ಭಾರವನ್ನು ತಾಳಲಾರದೆ, ಅದು ನಿಂತಿತು. ಅಂತಹ ಬಸ್ಸು ನಿಂತಾಗ ಮೊದಲು ಪೆಟ್ಟು ತಿನ್ನುವವರು ಗಿರಿಸಂಚಾರಿಗಳಲ್ಲ. ಶಾಲೆಗೆ ಹೋಗುವ ಮಗು, ಆಸ್ಪತ್ರೆಗೆ ಹೋಗುವ ಬಾಣಂತಿ, ಸಂತೆಗೆ ಅಡಿಕೆ ಒಯ್ಯುವ ಸಣ್ಣ ಹಿಡುವಳಿದಾರ.

ಇಲ್ಲಿಯೇ ನಮ್ಮ ಮಾತಿನ ತಿರುಳು ಇರುವದು. ಬೆಟ್ಟದೂರಿನ ಬಸ್ಸಿಗೆ ಜನ ಸಾಲದು. ಜನ ಸಾಲದ ಬಸ್ಸು ಒಂದು ದಿನ ನಿಲ್ಲುವದು. ಬೆಟ್ಟವನ್ನು ನೋಡಬಂದ ನಾವು ಕಾರಿನಲ್ಲಿ ಬಂದು ಕಾರಿನಲ್ಲಿ ಹೋದರೆ, ಆ ಊರಿಗೆ ಬಿಟ್ಟು ಹೋಗುವದು ಧೂಳು ಮತ್ತು ಸದ್ದು. ಬಸ್ಸಿನಲ್ಲಿ ಬಂದರೆ ನಮ್ಮ ಟಿಕೇಟಿನ ಹಣ ಆ ಊರಿನ ಮಗುವಿನ ಶಾಲೆಯ ಬಸ್ಸನ್ನು ಉಳಿಸುವದು. ನಮ್ಮ ವಿನೋದವೇ ಅವರಿಗೆ ಉಪಕಾರವಾಗುವ ಇಂತಹ ಸುಲಭದ ದಾನ ಇನ್ನೊಂದಿಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಮೇರೆಗೆ ನಮ್ಮ ಸಹೋದರಿಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವೂ ಬೇಡವಾಯಿತು. ಮನೆಯ ಹೊಸ್ತಿಲು ದಾಟಲು ಕಾಸಿಲ್ಲವೆಂದು ಕುಳಿತವರು ಸುಬ್ರಹ್ಮಣ್ಯ, ಶೃಂಗೇರಿಗಳನ್ನು ಕಂಡರು. ಇನ್ನು ಬೆಟ್ಟವನ್ನೂ ಕಾಣಲಿ. ಆದರೆ ಮಲೆನಾಡು, ಕರಾವಳಿಗಳ ಎಷ್ಟೋ ದಾರಿಗಳಲ್ಲಿ ಓಡುವದು ಖಾಸಗೀ ಬಸ್ಸು. ಅಲ್ಲಿ ಈ ಸೌಲಭ್ಯವಿಲ್ಲ. ಈ ಅಂತರವನ್ನು ತುಂಬುವಂತೆ ಕೇಳುವದು ನ್ಯಾಯವಾದ ಬೇಡಿಕೆ.

ಈಗ ಹಕ್ಕಿನ ಮಾತು. ಮೊದಲು ಹೇಳಿದ ಇಂಗ್ಲಂಡದ ಮೂರುಗಳ ಕಥೆ ಇಲ್ಲಿ ಉಪಯುಕ್ತ. ಮ್ಯಾಂಚೆಸ್ಟರ್, ಶೆಫೀಲ್ಡ್ ಎಂಬ ಎರಡು ಕಾರಖಾನೆಯ ಊರುಗಳ ನಡುವೆ ಕಿಂಡರ್ ಸ್ಕೌಟ್ ಎಂಬ 636 ಮೀಟರಿನ ಬೆಟ್ಟಬಯಲು ಇರುವದು. ವಾರವಿಡೀ ಹೊಗೆ ಕುಡಿದ ಕೂಲಿಕಾರರು ರವಿವಾರ ಅಲ್ಲಿ ಉಸಿರಾಡಬಯಸಿದರೆ, ಆ ಬಯಲು ಭೂಮಾಲಕರ ಹಕ್ಕಿಬೇಟೆಗಾಗಿ ಮೀಸಲಾಗಿ, ಬಾಗಿಲು ಮುಚ್ಚಿತ್ತು. 1932ರ ಏಪ್ರಿಲ್ 24ರಂದು ಸುಮಾರು ನಾನೂರು ಜನ ತರುಣರು, ಇಪ್ಪತ್ತರ ಹರೆಯದ ಬೆನ್ನಿ ರಾಥ್‌ಮನ್ನನ ಮುಂದಾಳುತನದಲ್ಲಿ, ಎಲ್ಲರೆದುರಿಗೆ ಸಾರಿ ಹೇಳಿ ಆ ಬಯಲನ್ನು ಏರಿದರು. ಅತಿಕ್ರಮ ಪ್ರವೇಶವು ಅಲ್ಲಿಯ ಕಾಯದೆಯಲ್ಲಿ ಬರಿಯ ದಿವಾಣಿ ತಪ್ಪಾದುದರಿಂದ, ದೊಂಬಿ ಮೊದಲಾದ ಆರೋಪಗಳನ್ನು ಹೊರಿಸಿ, ಐವರನ್ನು ಎರಡರಿಂದ ಆರು ತಿಂಗಳವರೆಗೆ ಸೆರೆಮನೆಗೆ ಕಳಿಸಿದರು. ಆದರೆ ಜನಾಭಿಪ್ರಾಯ ಸೆರೆಯಾಗಲಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯದೆಯಾಯಿತು. 1951ರಲ್ಲಿ ಅದೇ ಸೀಮೆ ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾಯದೆಯಿಂದ ಇಂಗ್ಲಂಡ ಮತ್ತು ವೇಲ್ಸಗಳ ತೆರೆದ ಬೆಟ್ಟಬಯಲುಗಳಲ್ಲಿ ಕಾಲ್ನಡಿಗೆಯ ಹಕ್ಕು ಎಲ್ಲರದಾಯಿತು. ಇತ್ತೀಚೆಗೆ, 2025ರ ಮೇ ತಿಂಗಳಲ್ಲಿ, ಡಾರ್ಟ್‌ಮೂರ್ ಎಂಬ ಬಯಲಿನಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವದು ಕೂಡ ಜನರ ಹಕ್ಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು.

ನಮ್ಮ ಸ್ಥಿತಿ ಅದಕ್ಕಿಂತ ಬೇರೆ. ನಮ್ಮ ಈ ಬೆಟ್ಟಗಳ ಬಹುಭಾಗ ಬೇಟೆಗಾರ ದೊರೆಗಳದಲ್ಲ, ಸರಕಾರದ ಅರಣ್ಯ. ಅಲ್ಲಿ ಜೀವಿಸುವ ಮೃಗಗಳಿಗೆ ಬೇರೆ ನೆಲೆಯಿಲ್ಲ. ಸಂವಿಧಾನದ 19ನೆಯ ವಿಧಿ ದೇಶದೊಳಗೆ ಎಲ್ಲಿಯೂ ಸಂಚರಿಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಸಾರ್ವಜನಿಕ ಹಿತಕ್ಕಾಗಿ ಅದಕ್ಕೆ ಯುಕ್ತವಾದ ನಿರ್ಬಂಧವನ್ನೂ ಒಪ್ಪಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯಂತೆ ಅಭಯಾರಣ್ಯವನ್ನು ಪ್ರವೇಶಿಸಲು ಪರವಾನಿಗೆ ಬೇಕು. ಇದು ಸರಿಯಾದುದೇ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ನೆರೆದುದನ್ನು ಕಂಡು ಸರಕಾರವು ಹಲವು ದಾರಿಗಳನ್ನು ತಾತ್ಪೂರ್ತಿಕವಾಗಿ ಮುಚ್ಚಿತು. ಅದೇ ವರುಷದ ಅಕ್ಟೋಬರದಲ್ಲಿ ‘ಅರಣ್ಯ ವಿಹಾರ’ವೆಂಬ ಜಾಲತಾಣವನ್ನು ತೆರೆದು, ದಾರಿಯೊಂದಕ್ಕೆ ದಿನಕ್ಕೆ 300 ಜನರೆಂದು ಮಿತಿಯನ್ನು ಹಾಕಿತು.

ಮಿತಿ ಬೇಕು, ಅದರಲ್ಲಿ ನಮಗೆ ಸಂಶಯವಿಲ್ಲ. ಸಂಶಯವಿರುವದು ಹಂಚಿಕೆಯಲ್ಲಿ. ಬೆರಳ ತುದಿಯಲ್ಲಿ ಯಂತ್ರವುಳ್ಳ ನಗರದವನು ಕ್ಷಣದಲ್ಲಿ ಪರವಾನಿಗೆ ಪಡೆಯುವನು. ಹಾವೇರಿಯ ಹಳ್ಳಿಶಾಲೆಯ ಶಿಕ್ಷಕನು ಮೂವತ್ತು ಮಕ್ಕಳನ್ನು ಕರೆತರಬೇಕೆಂದಾಗ ಸ್ಥಳ ತುಂಬಿಹೋಗಿರುವದು. ಮುನ್ನೂರರಲ್ಲಿ ಒಂದು ಪಾಲನ್ನು ಶಾಲೆಗಳಿಗೂ, ಬಸ್ಸಿನಲ್ಲಿ ಬಂದವರಿಗೂ, ಸ್ಥಳದಲ್ಲಿಯೇ ಕೊಡುವಂತೆ ತೆಗೆದಿರಿಸಿದರೆ ಬೆಟ್ಟಕ್ಕೇನೂ ಭಾರವಾಗದು, ನ್ಯಾಯವೂ ಆಗುವದು.

ಇನ್ನೊಂದು ಮಾತನ್ನು ಮರೆಯಬಾರದು. ನೋಡಬಂದವನ ಹಕ್ಕಿಗಿಂತ ಅಲ್ಲಿ ಬಾಳಿದವನ ಹಕ್ಕು ಮೊದಲಿನದು. ಕುದುರೆಮುಖದ ಸೀಮೆಯಲ್ಲಿ ಮಲೆಕುಡಿಯರು ತಲೆಮಾರುಗಳಿಂದ ಇದ್ದಾರೆ. 2006ರ ಅರಣ್ಯ ಹಕ್ಕುಗಳ ಕಾಯದೆ ಇಂತಹವರ ಸ್ವತ್ವವನ್ನು ಒಪ್ಪಿದೆ. ಅವರ ಅಂಗಳವನ್ನು ದಾಟುವಾಗ ನಾವು ಅತಿಥಿಗಳು. ದಾರಿ ಕೇಳುವ ಮೊದಲು ನಮಸ್ಕಾರ, ನೀರು ಕುಡಿದ ಮೇಲೆ ಕೃತಜ್ಞತೆ, ಊಟ ಮಾಡಿದರೆ ತಕ್ಕ ಬೆಲೆ, ಇವು ನಮ್ಮ ಹಿರಿಯರು ಕಲಿಸಿದ ಮರ್ಯಾದೆಗಳೇ.

ಕೊನೆಯದಾಗಿ ಹೊಣೆ. ಸಂವಿಧಾನದ 51-ಎ ವಿಧಿಯು ಅರಣ್ಯ, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುವದು. ಬೆಟ್ಟದ ಮೇಲೆ ಈ ಕರ್ತವ್ಯ ಬಹಳ ಸರಳವಾದುದು. ಒಯ್ದದ್ದೆಲ್ಲವನ್ನೂ ಮರಳಿ ತರಬೇಕು. ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದರೆ ಬಿಸಾಡಲು ಏನೂ ಉಳಿಯುವದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹುಲ್ಲು ಒಣಗಿ ಮದ್ದಿನಂತಾಗುವದು. ಒಂದು ಬೀಡಿಯ ತುಂಡು ಒಂದು ಗುಡ್ಡವನ್ನೇ ಸುಡಬಲ್ಲದು. ಕಾಲುಹಾದಿಯನ್ನು ಬಿಟ್ಟು ಅಡ್ಡ ಇಳಿಯಬಾರದು. ಇಂದು ಹತ್ತು ಜನ ಇಳಿದ ಗೆರೆಯೇ ಮುಂದಿನ ಮಳೆಯಲ್ಲಿ ಕೊರಕಲಾಗುವದು.

ತನ್ನ ದೇಹವನ್ನು ಕಾಯ್ದುಕೊಳ್ಳುವದೂ ಹೊಣೆಯೇ. ಮಳೆಗಾಲದಲ್ಲಿ ಇಂಬಳಗಳ ಕಾಟ, ಜಾರಿಕೆ, ಮಿಂಚು. ಆಗ ಏರುವದು ಬೇಡ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಬರುವದು. ಡಿಸೆಂಬರದಿಂದ ಮೇ ವರೆಗೆ ಅದರ ಭಯ ಹೆಚ್ಚು. ಆ ಸುದ್ದಿಯಿರುವ ಕಾಡಿನ ಕಡೆಗೆ ಆ ತಿಂಗಳುಗಳಲ್ಲಿ ಹೋಗದಿರುವದೇ ಮೇಲು. ಕತ್ತಲಾದ ಮೇಲೆ ಕಾಡುದಾರಿ ಆನೆಯದು, ನಮ್ಮದಲ್ಲ. ಆದುದರಿಂದ ನಾಡಹಬ್ಬದಿಂದ ಕಾರ್ತಿಕದ ಕೊನೆಯವರೆಗೆ, ಮಳೆ ಹಿಂದಾಗಿ ಹುಲ್ಲು ಹಸಿರಾಗಿರುವ ಈ ಕಾಲವೇ ಉತ್ತಮ.

ಬಸ್ಸಿನ ವಿಷಯದಲ್ಲಿಯೂ ಒಂದು ಶಿಸ್ತು ಬೇಕು. ಇಳಿಯುವಾಗಲೇ ನಿರ್ವಾಹಕನನ್ನು ಕೊನೆಯ ಬಸ್ಸಿನ ಹೊತ್ತನ್ನು ಕೇಳಿ ಬರೆದುಕೊಳ್ಳಬೇಕು. ಅದಕ್ಕೆ ಎರಡು ತಾಸು ಮೊದಲೇ ರಸ್ತೆಗೆ ಮರಳುವಂತೆ ಲೆಕ್ಕ ಹಾಕಬೇಕು. ಶಿಖರ ತಲುಪಲಿ, ತಲುಪದಿರಲಿ, ಆ ಹೊತ್ತಿಗೆ ತಿರುಗಲೇಬೇಕು. ಸಂಜೆ ಹಳ್ಳಿಗೆ ಬಂದು ಅಲ್ಲಿಯೇ ನಿಂತು ಬೆಳಗಿನ ಜಾವ ಹೊರಡುವ ವಸ್ತಿ ಬಸ್ಸು ಗಿರಿಸಂಚಾರಿಯ ಪರಮಮಿತ್ರ: ಹಿಂದಿನ ಸಂಜೆ ಅದರಲ್ಲಿ ಹೋಗಿ ಊರಲ್ಲಿ ತಂಗಿದರೆ ಮರುದಿನವೆಲ್ಲ ನಮ್ಮದು.

ಮಹನೀಯರೇ, ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವದಕ್ಕಾಗಿ ಈ ಮಾತುಗಳನ್ನು ಹೇಳಲಿಲ್ಲ. ಮೂರು ಕೆಲಸಗಳನ್ನು ನಿಮ್ಮ ಮುಂದಿಡುವೆವು. ಪ್ರತಿಯೊಂದು ಪ್ರೌಢಶಾಲೆಯ ಶಿಕ್ಷಕರು ವರುಷಕ್ಕೊಮ್ಮೆ ತಮ್ಮ ಮಕ್ಕಳನ್ನು, ಖಾಸಗೀ ವಾಹನವನ್ನು ಗೊತ್ತುಮಾಡದೆ, ಸಾಮಾನ್ಯ ಬಸ್ಸಿನಲ್ಲಿಯೇ ಒಂದು ಬೆಟ್ಟಕ್ಕೆ ಕರೆದೊಯ್ಯಲಿ. ಈ ಊರಿನ ವಾಚನಾಲಯದಲ್ಲಿ ಬಸ್ಸುಗಳ ವೇಳೆ, ಕಾಲುಹಾದಿಗಳ ದೂರ, ಪರವಾನಿಗೆಯ ಕ್ರಮ ಇವನ್ನು ಬರೆದಿಡುವ ಒಂದು ವಹಿ ಇರಲಿ. ಹೋಗಿ ಬಂದವರು ತಮಗೆ ತಿಳಿದದ್ದನ್ನು ಅದರಲ್ಲಿ ಸೇರಿಸಲಿ. ಬೆಟ್ಟದೂರುಗಳ ಬಸ್ಸನ್ನು ಕಡಿಮೆ ಮಾಡುವ ಸುದ್ದಿ ಬಂದಾಗ, ಅದು ದೂರದ ಊರೆಂದು ಸುಮ್ಮನಿರದೆ, ನಾವೂ ಆ ದಾರಿಯ ಪ್ರಯಾಣಿಕರೆಂದು ಸಾರಿಗೆಯ ಅಧಿಕಾರಿಗಳಿಗೆ ಒಂದು ಅರ್ಜಿಯನ್ನು ಬರೆಯೋಣ. ಆ ವಹಿಯ ಮೊದಲ ಪುಟಕ್ಕೆ ಬೇಕಾದ ನಾಲ್ಕು ದಾರಿಗಳ ವಿವರವನ್ನು ಬರೆದು ತಂದಿದ್ದೇವೆ. ಅದನ್ನು ಅಧ್ಯಕ್ಷರಿಗೆ ಒಪ್ಪಿಸಿ, ಐದನೆಯ ದಾರಿಯನ್ನು ನಿಮ್ಮಲ್ಲಿ ಯಾರಾದರೂ ನಡೆದು ಬಂದು ಬರೆಯಿರೆಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುವೆವು.